ಅಪ್ಪನ ಸೈಕಲ್ಲು, ಅತ್ತೆಯ ಬೀಸುಕಲ್ಲು

ನಾನು ಚಿಕ್ಕವನಿದ್ದಾಗಲೇ ಚಿಂತೆ ಮಾಡುವುದರಲ್ಲಿ ದೊಡ್ಡವನಾಗಿದ್ದೆ. ಮೋಡ ಕಂಡರೆ ಸಿಡಿಲು ಬೀಳುತ್ತದೇನೋ ಎಂಬ ಚಿಂತೆ, ಕಾಣದಿದ್ದರೆ ಬಾವಿ ಬತ್ತುತ್ತದೇನೋ ಎಂಬ ಚಿಂತೆ. ಈಗ ನೀವು ನನ್ನನ್ನು ಅಜ್ಜ ಅನ್ನುತ್ತೀರಿ. ತಲೆ ಇನ್ನೂ ಅರ್ಧ ಕಪ್ಪಗಿರುವಾಗಲೇ ಈ ಬಡ್ತಿ ಸಿಕ್ಕಿತು. ಉಳಿದರ್ಧ ಬೆಳ್ಳಗಾದದ್ದು ವಯಸ್ಸಿನಿಂದಲ್ಲ. ಮುಂದಿನ ಭಾನುವಾರ ನೀವಿಬ್ಬರೂ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಸೈಕಲ್ ಪ್ರವಾಸ ಹೊರಟಿದ್ದೀರಿ ಎಂದು ಕೇಳಿದಾಗಿನಿಂದ ಇದ್ದ ಕಪ್ಪೂ ಕಡಿಮೆಯಾಗುತ್ತಿದೆ. ಅದಕ್ಕೇ, ಆ ದಾರಿಯಲ್ಲಿ ನಾನು ಮೊದಲ ಸಲ ಸೈಕಲ್ಲಿನಲ್ಲಿ ಹೋದ ದಿನದ ಸಂಗತಿ ಹೇಳಿಬಿಡುತ್ತೇನೆ.

ನಮ್ಮದು ಹುಮನಾಬಾದಿಗೆ ಹತ್ತಿರದ ಒಂದು ಹಳ್ಳಿ. ಅಲ್ಲಿನ ಶಾಲೆ ಏಳನೇ ತರಗತಿಗೇ ಮುಗಿಯುತ್ತಿತ್ತು. ಆ ಬೇಸಿಗೆಯಲ್ಲಿ ಅಕ್ಕ ಏಳನೆಯದನ್ನು ಪಾಸಾಗಿದ್ದಳು. ಮುಂದೆ ಓದಬೇಕೆಂದರೆ ಹುಮನಾಬಾದಿನ ಹೈಸ್ಕೂಲಿಗೆ ಹೋಗಬೇಕು, ಹೋಗಿಬರಲು ಸೈಕಲ್ ಬೇಕು. ಮನೆಯಲ್ಲಿದ್ದ ಒಂದೇ ಸೈಕಲ್ ಅಪ್ಪನದು. ಅಪ್ಪನಿಗೆ ಅಕ್ಕ ಓದುವುದರ ಬಗ್ಗೆ ತಕರಾರಿರಲಿಲ್ಲ. ತಕರಾರಿದ್ದದ್ದು ದಾರಿಯಲ್ಲಿದ್ದ ಏರಿನ ಬಗ್ಗೆ. ಅಲ್ಲಿ ಗಟ್ಟಿಮುಟ್ಟಾದ ಗಂಡಸರೇ ಇಳಿದು ನೂಕುತ್ತಾರೆ, ಇವಳು ದಿನಾ ನೂಕುತ್ತಾ ಹೋದರೆ ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ, ಮಳೆಗಾಲದಲ್ಲಿ ಕೆಂಪು ಮಣ್ಣು ಜಾರುತ್ತದೆ, ಕಬ್ಬಿನ ಲಾರಿಗಳು ಬರುತ್ತವೆ, ಎಮ್ಮೆಗಳು ಅಡ್ಡ ನಿಲ್ಲುತ್ತವೆ ಎಂದು ಅಪ್ಪ ಒಂದೊಂದಾಗಿ ಹೇಳುತ್ತಿದ್ದ. ನನಗೆ ಈ ಚಿಂತೆಯ ಗುಣ ಎಲ್ಲಿಂದ ಬಂತು ಎಂದು ನೀವು ಇನ್ನು ಕೇಳಬೇಕಾಗಿಲ್ಲ.

ಅದೇ ಹೊತ್ತಿಗೆ ಕಲ್ಯಾಣದಲ್ಲಿ ಅತ್ತೆಯ ಮನೆಯಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ಅತ್ತೆ ಅಂದರೆ ಅಪ್ಪನ ತಂಗಿ. ನಮ್ಮ ಕಡೆ ಬಸವಕಲ್ಯಾಣವನ್ನು ಯಾರೂ ಪೂರ್ತಿ ಹೆಸರು ಹಿಡಿದು ಕರೆಯುವುದಿಲ್ಲ, ಕಲ್ಯಾಣ ಅಂದರೆ ಸಾಕು. ಅವ್ವ ಮೊದಲೇ ಬಸ್ಸಿನಲ್ಲಿ ಹೋಗಿದ್ದಳು. ಅಪ್ಪ ಸೈಕಲ್ ಹೊಡೆಯುತ್ತಾ ಬರುವುದೆಂದಾಗಿತ್ತು. ಅಕ್ಕ ತಾನೂ ಕಾಕಾನ ಸೈಕಲ್ ತೆಗೆದುಕೊಂಡು ಬರುತ್ತೇನೆ ಎಂದಳು. ಕಲ್ಯಾಣದ ತನಕ ಯಾವ ಏರಿನಲ್ಲೂ ಕಾಲು ನೆಲಕ್ಕೆ ಹತ್ತಿಸದೆ ಹೊಡೆದು ತೋರಿಸಿದರೆ ಹೈಸ್ಕೂಲಿಗೆ ಕಳಿಸಬೇಕು ಎಂದು ಪಣ ಹೂಡಿದಳು. ಅಪ್ಪ ಬಹಳ ಹೊತ್ತು ಎಲೆ ಅಡಿಕೆ ಅಗಿದು ಒಪ್ಪಿದ. ಆಗ ಅಕ್ಕ ಮೆಲ್ಲಗೆ ಕೇಳಿದಳು, "ಅಪ್ಪಾ, ನೀನೇ ಇಳದ್ರ?"

ಅಪ್ಪ ನಕ್ಕ. "ನಾ ಇಳದ್ರ ಈ ಸೈಕಲ್ಲೇ ನಿಂದವ್ವಾ," ಅಂದ.

ಪಣಕ್ಕೆ ತೀರ್ಪು ಹೇಳುವ ಪಂಚರೊಬ್ಬರು ಬೇಕಲ್ಲ? ನನ್ನನ್ನು ಅಕ್ಕನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂಡಿಸಿದರು. ನನ್ನನ್ನೇ ಆರಿಸಿದ್ದಕ್ಕೆ ಕಾರಣ ನನ್ನ ಸತ್ಯಸಂಧತೆ ಅಲ್ಲ. ಸುಳ್ಳು ಹೇಳಲು ಧೈರ್ಯ ಬೇಕು, ಅದು ನನ್ನಲ್ಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ನಸುಕಿನಲ್ಲೇ ಹೊರಟೆವು. ಬೇವಿನ ಹೂವಿನ ಕಹಿ ಪರಿಮಳ ತಂಪು ಗಾಳಿಯಲ್ಲಿ ತೇಲಿ ಬರುತ್ತಿತ್ತು. ಕಾಕಾನ ಸೈಕಲ್ಲಿಗೆ ಬ್ರೇಕ್ ಇತ್ತು, ಆದರೆ ಹಿಡಿಯಬೇಕೋ ಬೇಡವೋ ಎಂದು ಅದು ಸ್ವಲ್ಪ ಹೊತ್ತು ವಿಚಾರ ಮಾಡುತ್ತಿತ್ತು. ಅಕ್ಕನಿಗೆ ಸೀಟಿನ ಮೇಲೆ ಕೂತರೆ ಕಾಲು ಪೂರ್ತಿ ಎಟುಕುತ್ತಿರಲಿಲ್ಲ. ಪೆಡಲ್ ಕೆಳಗೆ ಹೋದಾಗ ಬಿಟ್ಟುಕೊಟ್ಟು, ಮೇಲೆ ಬಂದಾಗ ಮತ್ತೆ ಹಿಡಿಯುತ್ತಿದ್ದಳು. ಏರು ಬಂತೆಂದರೆ ಉಟ್ಟಿದ್ದ ಪರಕಾರದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ ನಿಂತೇ ತುಳಿಯುತ್ತಿದ್ದಳು. ಹಿಂದೆ ಕೂತ ನನಗೆ ಕಾಣುತ್ತಿದ್ದದ್ದು ಅವಳ ಬೆನ್ನ ಮೇಲೆ ಅತ್ತಿಂದಿತ್ತ ಓಡಾಡುವ ಜಡೆ ಮಾತ್ರ. ನನ್ನ ಕಾಲು ಚಕ್ರದ ಕಡ್ಡಿಗಳಲ್ಲಿ ಸಿಗುತ್ತದೇನೋ ಎಂದು ಎರಡನ್ನೂ ಅಗಲಿಸಿ ಹಿಡಿದಿದ್ದೆ. ಎದುರಿಗೆ ಬಂದವರು ಇದೇನು ಹಕ್ಕಿ ಹಾರಲು ಹೊರಟಿದೆ ಎಂದು ನೋಡಿರಬೇಕು.

ಮೊದಲ ಏರನ್ನು ಅಪ್ಪ ಎತ್ತು ಬಂಡಿ ಎಳೆದಂತೆ ನೆಟ್ಟಗೆ ಏರಿದ. ಅಕ್ಕ ಹಾವಿನಂತೆ ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ ಸೊಟ್ಟಸೊಟ್ಟಗೆ ಹೊಡೆದು ಮೇಲೆ ಮುಟ್ಟಿಸಿದಳು. ಹೀಗೆ ಸೊಟ್ಟ ಹೊಡೆಯುವುದು ಪಣದಲ್ಲಿಲ್ಲ ಎಂದು ಅಪ್ಪ ತಕರಾರು ತೆಗೆದ. ಇಬ್ಬರೂ ನನ್ನ ಕಡೆ ನೋಡಿದರು. ಮಾತಾಗಿದ್ದು ಕಾಲಿನ ಬಗ್ಗೆ ಮಾತ್ರ, ದಾರಿಯ ಬಗ್ಗೆ ಅಲ್ಲ ಎಂದು ತೊದಲಿದೆ. ಅಪ್ಪ ಒಪ್ಪಿದ, ಆದರೆ ಮುಂದಿನ ಹಳ್ಳಿ ಬರುವವರೆಗೆ ಬೇಕೆಂದೇ ನೆಟ್ಟಗೆ ಹೊಡೆದು ತೋರಿಸಿದ.

ಆ ಹಳ್ಳಿಯಲ್ಲೇ ಅಪ್ಪನ ಕಷ್ಟಕಾಲ ಶುರುವಾದದ್ದು. ನಮ್ಮ ಕಡೆ ಗುರುತಿನವರ ಮನೆ ದಾಟಿ ಸುಮ್ಮನೆ ಹೋಗುವ ಹಾಗಿಲ್ಲ, ಇಳಿದು ಚಹಾ ಕುಡಿಯಲೇಬೇಕು. ಕುಡಿದ ಮೇಲೆ ಬರಿಗೈಯಲ್ಲಿ ಹೊರಡುವ ಹಾಗಿಲ್ಲ, ಕೊಟ್ಟದ್ದನ್ನು ಒಯ್ಯಲೇಬೇಕು. ಬೇಡ ಅಂದರೆ ಅವರಿಗೆ ಅವಮಾನ. ಅಲ್ಲಿ ನಮ್ಮ ದೂರದ ಮಾವನೊಬ್ಬ ಮಂಡಕ್ಕಿಯ ಸುಸಲಾ ತಿನ್ನಿಸಿ, ಚಹಾ ಕುಡಿಸಿ, ಹೊರಡುವಾಗ ಒಂದು ಕುಂಬಳಕಾಯಿ ತಂದಿಟ್ಟ. ನಾನು ಕೈಕಾಲು ಮಡಚಿ ಕೂತರೆ ಅದರಷ್ಟೇ ಆಗುತ್ತಿದ್ದೆ. ಅಕ್ಕನ ಕ್ಯಾರಿಯರ್ ಮೇಲೆ ನಾನಿದ್ದೆ, ಜಾಗವಿರಲಿಲ್ಲ. ಅಪ್ಪ ಅದನ್ನು ತನ್ನ ಕ್ಯಾರಿಯರ್ ಮೇಲಿಟ್ಟು, ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದ.

ಮುಂದಿನ ಊರಿನಲ್ಲಿ ಅಪ್ಪನ ಬಾಲ್ಯದ ಗೆಳೆಯ ರಸ್ತೆಗೇ ಬಂದು ಹ್ಯಾಂಡಲ್ ಹಿಡಿದು ನಿಲ್ಲಿಸಿದ. ಅಲ್ಲಿ ಮತ್ತೆ ಚಹಾ, ಆಮೇಲೆ ಒಂದು ಪೆಂಟಿ ಬೆಲ್ಲ. ಬೆಲ್ಲದ ಆ ದೊಡ್ಡ ಮುದ್ದೆಯನ್ನು ಅರಿವೆಯಲ್ಲಿ ಸುತ್ತಿ ಕುಂಬಳಕಾಯಿಯ ಮುಂದೆ, ಅಪ್ಪನ ಬೆನ್ನಿಗೆ ಹತ್ತಿದಂತೆ ಕಟ್ಟಲಾಯಿತು. ಅಷ್ಟರಲ್ಲಿ ಬಿಸಿಲು ಏರಿತ್ತು. ಡಾಂಬರಿನ ವಾಸನೆಯ ಜೊತೆ ಕರಗುವ ಬೆಲ್ಲದ ವಾಸನೆ ಬೆರೆಯಿತು. ಅಪ್ಪನ ಬಿಳಿ ಅಂಗಿಯ ಬೆನ್ನ ಮೇಲೆ ಕಂದು ಬಣ್ಣದ ನಕ್ಷೆಯೊಂದು ಮೂಡತೊಡಗಿತು. ಹಿಂದೆಯೇ ನೊಣಗಳ ಮೆರವಣಿಗೆ. ನೊಣಗಳ ಹಿಂದೆ ನಾವು. ಆದರೂ ಅಪ್ಪ ಏರುಗಳಲ್ಲಿ ಇಳಿಯಲಿಲ್ಲ. ಅಕ್ಕನೂ ಇಳಿಯಲಿಲ್ಲ. ಅವಳ ಉಸಿರು ಮಾತ್ರ ಕುಲುಮೆಯ ತಿದಿಯಂತೆ ಕೇಳುತ್ತಿತ್ತು. ಅವಳ ಎದೆ ಒಡೆಯುತ್ತದೇನೋ ಎಂದು ನಾನು, ಪಂಚನಾದವನು ಮಾಡಬಾರದ್ದನ್ನು ಮಾಡಿದೆ. ಇಳಿದುಬಿಡು ಅಕ್ಕಾ ಎಂದು ಪಿಸುಗುಟ್ಟಿದೆ.

"ಬಾಯಿ ಮುಚ್ಚಿಕೊಂಡು ಕೂಡು," ಅಂದಳು ಅಕ್ಕ. "ನಾ ಏರಿನ್ಯಾಗ ಇಲ್ಲ, ಹೈಸ್ಕೂಲಿಗಿ ಹೊಂಟೀನಿ."

ನಾನು ಕ್ಯಾರಿಯರನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಕಲ್ಯಾಣಕ್ಕೆ ಹೋಗುವ ಮೊದಲು ನಾರಾಯಣಪುರಕ್ಕೆ ಹೋಗಿ, ಅಲ್ಲಿನ ಹಳೆಯ ಶಿವನ ಗುಡಿಗೆ ಕೈಮುಗಿದು ಹೋಗುವುದು ಅಪ್ಪನ ರೂಢಿ. ಚಾಲುಕ್ಯರ ಕಾಲದ ಗುಡಿ ಅದು. ಒಳಗೆ ಕಾಲಿಟ್ಟರೆ ಕಲ್ಲಿನ ನೆಲ ಅಂಗಾಲಿಗೆ ನೀರಿನಷ್ಟು ತಣ್ಣಗೆ. ಎಣ್ಣೆ, ಬಿಲ್ವಪತ್ರೆ, ಬಾವಲಿಗಳ ಘಾಟು ಎಲ್ಲ ಕೂಡಿದ ಕತ್ತಲೆ. ಕನ್ನಡಿಯಂತೆ ನುಣುಪಾದ ಕಂಬಗಳಲ್ಲಿ ಅಕ್ಕ ತನ್ನ ಕೆಂಪಾದ ಮುಖ ನೋಡಿಕೊಂಡಳು. ನಾನು ಮೇಲಿನ ತೊಲೆಗಲ್ಲು ನೋಡುತ್ತಿದ್ದೆ. ಇಷ್ಟು ನೂರು ವರ್ಷ ನಿಂತ ಕಲ್ಲಿಗೆ ಇವತ್ತೇ, ನಾನು ಕೆಳಗಿರುವಾಗಲೇ, ಸಾಕಾಗಿಬಿಟ್ಟರೆ? ಹಾಗಾಗಿ ಆ ಗುಡಿಯನ್ನು ನಾನು ಬಹಳ ಬೇಗ ನೋಡಿ ಮುಗಿಸಿದೆ.

ಗುಡಿಯ ಓಣಿಯಲ್ಲೇ ಅಪ್ಪನ ಅಣ್ಣನ ಹೆಂಡತಿ, ನಮ್ಮ ದೊಡ್ಡವ್ವನ ಮನೆ. ಅವಳು ಮಜ್ಜಿಗೆ ಕೊಟ್ಟಳು. ಕುಂಬಳಕಾಯಿಯನ್ನೂ ಬೆಲ್ಲವನ್ನೂ ನೋಡಿ, ತನ್ನಿಂದ ಏನೂ ಹೋಗದಿದ್ದರೆ ಮಂದಿ ಏನಂದಾರು ಎಂದು ಮನೆಯೆಲ್ಲ ಹುಡುಕಿದಳು. ಕೊನೆಗೆ ಅಟ್ಟದ ಕೆಳಗಿನಿಂದ ಒಂದು ಬೀಸುಕಲ್ಲು ಉರುಳಿಸಿಕೊಂಡು ಬಂದಳು. ಅದು ಅತ್ತೆಯದೇ, ಸವೆದ ಮೈಗೆ ಉಳಿಯಿಂದ ಮುಳ್ಳು ಹೊಡೆಸಲೆಂದು ಯಾವಾಗಲೋ ತಂದಿಟ್ಟದ್ದು ಇಲ್ಲೇ ಉಳಿದಿತ್ತಂತೆ.

"ಹ್ಯಾಂಗೂ ತಂಗಿ ಮನಿಗಿ ಹೊಂಟೀದಿ," ಅಂದಳು. "ಸೈಕಲ್ ಮ್ಯಾಲ ಏನ್ ಭಾರ ಆಗ್ತದ?"

ಅಪ್ಪ ಕಲ್ಲನ್ನು ನೋಡಿದ, ದೊಡ್ಡವ್ವನನ್ನು ನೋಡಿದ, ಮುಂದಿದ್ದ ದಾರಿಯನ್ನು ನೋಡಿದ. ಆಗಲ್ಲ ಎಂಬ ಒಂದು ಮಾತು ಅವನ ತುಟಿಯ ತನಕ ಬಂದದ್ದನ್ನು ನಾನು ಕಂಡೆ. ಆದರೆ ನಮ್ಮ ಮನೆತನದಲ್ಲಿ ಹಿರಿಯರಿಗೆ ಆ ಮಾತು ಹೇಳಿದವರು ಇರಲಿಲ್ಲ. "ಕೊಡ್ರಿ ವೈನಿ," ಅಂದ.

ಕಲ್ಲಿನ ಎರಡೂ ಪಾಲುಗಳನ್ನು ಗೋಣಿಚೀಲದಲ್ಲಿ ಹಾಕಿ ಕ್ಯಾರಿಯರ್‌ನ ತುದಿಗೆ ಕಟ್ಟಿದರು. ಕಟ್ಟಿ ಮುಗಿಸಿ ಅಪ್ಪ ಹ್ಯಾಂಡಲ್ ಬಿಟ್ಟಿದ್ದೇ ತಡ, ಸೈಕಲ್ ಮುಂದಿನ ಚಕ್ರ ಎತ್ತಿ ಮದುವೆಯ ಕುದುರೆಯಂತೆ ನಿಂತಿತು. ಓಣಿಯ ಮಂದಿ ಬಂದು ನೋಡಿದರು. ಅಪ್ಪ ಏನೂ ಆಗಿಲ್ಲವೆಂಬಂತೆ ಅದನ್ನು ಇಳಿಸಿ, ಎದೆಯ ಭಾರವನ್ನು ಹ್ಯಾಂಡಲ್ ಮೇಲೆ ಹಾಕಿ ಹೊರಟ.

ಊರು ದಾಟಿ ಕಲ್ಯಾಣದ ದಾರಿ ಹಿಡಿದ ಮೇಲೆ ಆ ದಿನದ ಕೊನೆಯ ಏರು ಬಂತು. ತುದಿಯಲ್ಲಿ ಒಂದು ಹುಣಸೆಮರ. ಅದನ್ನು ಮುಟ್ಟಿದರೆ ಆಚೆ ಬರೀ ಇಳಿಜಾರು. ಅಪ್ಪ ಮುಂದೆ, ನಾವು ಹಿಂದೆ. ಅರ್ಧ ಏರಿದ್ದೆವೋ ಇಲ್ಲವೋ, ಅಪ್ಪನ ಸೈಕಲ್ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಆಮೇಲೆ ಮುಂದಿನ ಚಕ್ರ ನೆಲ ಬಿಟ್ಟು ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಅಪ್ಪ ಇಳಿದ. ಇಳಿದವನು ಕೂಡಲೇ ಬಗ್ಗಿ ಚೈನಿನ ಕಡೆ ಬಹಳ ಗಂಭೀರವಾಗಿ ನೋಡತೊಡಗಿದ.

ಅಕ್ಕ ಅವನ ಪಕ್ಕದಲ್ಲೇ ಸೊಟ್ಟಸೊಟ್ಟಗೆ ದಾಟಿಕೊಂಡು ಹೋದಳು. ತಿರುಗಿ ನೋಡದೆ ಹಲ್ಲು ಕಚ್ಚಿ ತುಳಿದಳು. ನಾನು ಉಸಿರಾಡಿದರೆ ಭಾರವಾಗುತ್ತದೇನೋ ಎಂದು ಉಸಿರು ಹಿಡಿದೆ. ಹುಣಸೆಮರದ ನೆರಳು ಮೊದಲು ಹ್ಯಾಂಡಲ್ ಮೇಲೆ, ಆಮೇಲೆ ಅವಳ ಜಡೆಯ ಮೇಲೆ, ಆಮೇಲೆ ನನ್ನ ಮೊಣಕಾಲಿನ ಮೇಲೆ ಬಿತ್ತು. ಆಗ ಅಕ್ಕ ಬ್ರೇಕ್ ಹಿಡಿದಳು. ಬ್ರೇಕ್ ವಿಚಾರ ಮಾಡಿ ನಿಲ್ಲಿಸಿತು.

ಕೆಳಗಿನಿಂದ ಅಪ್ಪ ಕೂಗಿ, ತಾನು ಇಳಿದಿಲ್ಲ, ಚೈನ್ ನೋಡುತ್ತಿರುವುದಷ್ಟೇ ಅಂದ. ಪಂಚ ಏನನ್ನುತ್ತಾನೆ ಕೇಳು ಎಂದ. ಇಬ್ಬರೂ ಮತ್ತೆ ನನ್ನ ಕಡೆ ನೋಡಿದರು. ಒಂದು ಕಡೆ ಅಕ್ಕನ ಶಾಲೆ, ಇನ್ನೊಂದು ಕಡೆ ನಮ್ಮೆಲ್ಲರ ಅನ್ನದಾತ ಅಪ್ಪ. ಬಹಳ ಯೋಚಿಸಿ, ಕಂಡದ್ದನ್ನಷ್ಟೇ ಹೇಳಿದೆ.

"ಅಪ್ಪಾ, ನಿನ್ನ ಎರಡೂ ಚಪ್ಪಲಿ ನೆಲದ ಮ್ಯಾಲ ಅವ."

ಅಪ್ಪ ತನ್ನ ಚಪ್ಪಲಿಗಳನ್ನು ನೋಡಿಕೊಂಡ. ಆಮೇಲೆ ನಗತೊಡಗಿದ. ಬೆನ್ನಿಗೆ ಬೆಲ್ಲ ಅಂಟಿಸಿಕೊಂಡು, ಬೀಸುಕಲ್ಲನ್ನು ಅವುಚಿಕೊಂಡು ಅವನು ನಕ್ಕದ್ದು ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದೆ. ಅಕ್ಕ ಏರು ಮುಗಿದ ಮೇಲೆ ಇಳಿದರೆ ತಪ್ಪಿಲ್ಲವಲ್ಲ ಎಂದು ನನ್ನನ್ನು ಕೇಳಿ ಖಾತ್ರಿ ಮಾಡಿಕೊಂಡಳು. ಸೈಕಲ್ಲನ್ನು ಮರಕ್ಕೆ ಒರಗಿಸಿ ಓಡುತ್ತಾ ಕೆಳಗಿಳಿದಳು. ಮೂವರೂ ಕೂಡಿ ಅಪ್ಪನ ಸೈಕಲ್ಲನ್ನು ನೂಕಿದೆವು.

ನಾಳೆಯಿಂದ ತಾನು ಹೊಲಕ್ಕೆ ಯಾವುದರ ಮೇಲೆ ಹೋಗಲಿ ಎಂದು ಅಪ್ಪ ಏದುಸಿರು ಬಿಡುತ್ತಾ ಕೇಳಿದ. "ಹಿಂದ ಕೂಡು," ಅಂದಳು ಅಕ್ಕ. "ಸಾಲಿಗಿ ಹೋಗ್ತಾ ಬಿಟ್ಟು ಹೋಗ್ತೀನಿ."

ಮರದ ಕೆಳಗೆ ನಿಂತಾಗ ದೂರದಲ್ಲಿ ಕಲ್ಯಾಣದ ಕೋಟೆಯ ಕರೀ ಗೋಡೆಗಳು ಬಿಸಿಲಿನಲ್ಲಿ ಅಲುಗಾಡಿದಂತೆ ಕಂಡವು. ಅತ್ತೆಯ ಮನೆ ಮುಟ್ಟಿದಾಗ ತೊಟ್ಟಿಲ ಹಾಡು ಶುರುವಾಗಿತ್ತು. ಅತ್ತೆ ಅಣ್ಣನ ಬೆನ್ನಿನ ನೊಣಗಳನ್ನು ಓಡಿಸಿ, ಗೋಣಿಚೀಲ ಬಿಚ್ಚಿ ನೋಡಿ, ತಲೆಯ ಮೇಲೆ ಕೈ ಇಟ್ಟುಕೊಂಡಳು. ಓಣಿಗೇ ಹಿಟ್ಟಿನ ಗಿರಣಿ ಬಂದಿದೆ, ಈ ಕಲ್ಲು ಬೇಡವೆಂದೇ ತಾನದನ್ನು ನಾರಾಯಣಪುರದಲ್ಲಿ ಬಿಟ್ಟದ್ದು ಅಂದಳು. ಮರುದಿನ ನಾವು ಹೊರಟಾಗ, ಬರಿಗೈಯಲ್ಲಿ ಕಳಿಸಬಾರದೆಂದು ಅದನ್ನೇ ಅವ್ವನಿಗೆ ಉಡುಗೊರೆಯಾಗಿ ಕೊಟ್ಟಳು.

ಅಪ್ಪ, ಅವ್ವ, ಬೀಸುಕಲ್ಲು ಮತ್ತು ಕಾಕಾನ ಸೈಕಲ್ಲು ಬಸ್ಸಿನಲ್ಲಿ ಬಂದರು. ಅಕ್ಕ ಅಪ್ಪನ ಸೈಕಲ್ಲಿನಲ್ಲಿ, ಅಂದರೆ ತನ್ನ ಸೈಕಲ್ಲಿನಲ್ಲಿ, ನನ್ನನ್ನು ಹಿಂದೆ ಕೂಡಿಸಿಕೊಂಡು ಬಂದಳು. ನಮ್ಮನ್ನು ದಾಟಿ ಹೋದ ಬಸ್ಸಿನ ಕಿಟಕಿಯಿಂದ ಅಪ್ಪ ತಲೆ ಹೊರಗೆ ಹಾಕಿ, ಕಾಣದಾಗುವ ತನಕ ನಮ್ಮನ್ನೇ ನೋಡಿದ. ಆದರೆ ಬಸ್ಸು ನಿಲ್ಲಿಸಲಿಲ್ಲ.

ಮಳೆಗಾಲ ಶುರುವಾದಾಗ ಅಕ್ಕ ಹೈಸ್ಕೂಲಿಗೆ ಹೋದಳು. ಹಿತ್ತಲಿನಲ್ಲಿ ನೀವು ಸೈಕಲ್ ತೊಳೆಯುವಾಗ ಯಾವ ಕಲ್ಲಿನ ಮೇಲೆ ನಿಲ್ಲುತ್ತೀರೋ, ಅದೇ ಆ ಬೀಸುಕಲ್ಲು.

ನಿಮ್ಮ ಸೈಕಲ್ಲುಗಳನ್ನು ನಿನ್ನೆ ಸುತ್ತು ಹಾಕಿ ನೋಡಿದೆ. ಬ್ರೇಕ್ ಮುಟ್ಟಿದರೆ ನಿಲ್ಲುತ್ತವೆ, ವಿಚಾರ ಮಾಡುವುದಿಲ್ಲ. ಗೇರ್ ಬದಲಿಸಿದರೆ ಏರೂ ಸಪಾಟಾಗುತ್ತದಂತೆ. ದಾರಿ ತೋರಿಸಲು ಫೋನು, ತಲೆಗೆ ಹೆಲ್ಮೆಟ್ಟು, ಬಾಯಾರಿದರೆ ಬಾಟಲಿ. ಯಾರ ಮನೆಯಲ್ಲೂ ಇಳಿಯದೆ ಕಲ್ಯಾಣ ಮುಟ್ಟಬಹುದು. ಆದರೂ ನನಗೆ ಸಮಾಧಾನವಾಗದೆ ಅಕ್ಕನಿಗೆ ಫೋನ್ ಮಾಡಿ, ಮಕ್ಕಳು ಇಳಿಜಾರಿನಲ್ಲಿ ಜೋರಾಗಿ ಹೋದರೆ ಹೇಗೆ ಎಂದು ಕೇಳಿದೆ.

"ಹಿಂದ ಆ ಬೀಸುಕಲ್ಲು ಕಟ್ಟಿ ಕಳಸು," ಅಂದಳು. "ಹಗೂರ ಹೋಗ್ತಾರ."

ಕಟ್ಟೋಣವೆಂದು ನೋಡಿದರೆ ನಿಮ್ಮ ಸೈಕಲ್ಲುಗಳಿಗೆ ಕ್ಯಾರಿಯರ್ರೇ ಇಲ್ಲ. ಭಾರವಾಗುತ್ತದೆಂದು ಈಗ ಅದನ್ನು ಹಾಕುವುದೇ ಇಲ್ಲ ಎಂದಿರಿ. ಹಾಗಾದರೆ ದಾರಿಯಲ್ಲಿ ಯಾರಾದರೂ ಕುಂಬಳಕಾಯಿ ಕೊಟ್ಟರೆ ಎಲ್ಲಿಡುತ್ತೀರಿ? ಹೋಗಲಿ, ಅದನ್ನು ಬಿಡಿ. ಸೈಕಲ್ ವಿದ್ಯೆಯಲ್ಲಿ ನಾನು ಕಲಿತದ್ದು ಒಂದೇ, ಮುಂದಿನವರು ತುಳಿಯುವಾಗ ಹಿಂದೆ ಕೂತು ಚಿಂತೆ ಮಾಡುವುದು. ಭಾನುವಾರ ನಾನೆಲ್ಲಿ ಕೂಡಲಿ, ಅದನ್ನು ಹೇಳಿ.