ತೂಬು ಕೇಳಿದ್ದಕ್ಕೆ ಬಂದ ಭವನ

ಹೆಬ್ಬಗೋಡಿಯ ಆಚೆಗಿರುವ ನಮ್ಮೂರಿನಲ್ಲಿ ಇಂಗ್ಲಿಷ್ ಬಲ್ಲವರೆಂದರೆ ಸೊಣ್ಣಪ್ಪ ಒಬ್ಬರೇ. ಹೊಸೂರು ರಸ್ತೆಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. ಕೋಟು ಹಾಕಿಕೊಂಡ ದಿನ ಅವರ ಇಂಗ್ಲಿಷ್ ಇನ್ನಷ್ಟು ಉದ್ದವಾಗುತ್ತಿತ್ತು. ಊರಿನ ಅಭಿವೃದ್ಧಿ ಸಂಘಕ್ಕೆ ಅಧ್ಯಕ್ಷರೂ ಅವರೇ. ಆ ಕುರ್ಚಿಯನ್ನು ಬೇರೆ ಯಾರೂ ಕೇಳಿರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ, ಹಳ್ಳಿಗಳಿಗೆ ನೆರವು ಕೊಡುವ ವಿದೇಶದ ಸಂಸ್ಥೆಯೊಂದರಿಂದ ಒಬ್ಬ ಮೇಡಂ ಬಂದು, ನಿಮಗೇನು ಬೇಕು ಎಂದು ಕೇಳಿದರು. ಸೊಣ್ಣಪ್ಪನವರ ಅತ್ತಿಗೆ ಭದ್ರಮ್ಮ ಎದ್ದು ನಿಂತರು. ಕೆರೆಯ ತೂಬು ಒಡೆದು ನೀರೆಲ್ಲ ಸೋರಿಹೋಗುತ್ತಿದೆ, ಕೆಳಗಿನ ತರಕಾರಿ ತೋಟಗಳು ಒಣಗುತ್ತಿವೆ, ಕಲ್ಲು ಸಿಮೆಂಟು ಕೊಟ್ಟರೆ ಸಾಕು, ಮನೆಗೊಂದಾಳಿನಂತೆ ಸೇರಿ ನಾವೇ ಕಟ್ಟಿಕೊಳ್ಳುತ್ತೇವೆ ಎಂದರು.

ಸೊಣ್ಣಪ್ಪನವರಿಗೆ ಅವಮಾನವಾಯಿತು. ವಿಮಾನ ಹತ್ತಿ ಬಂದವರ ಮುಂದೆ ತೂಬು ಕೇಳುವುದೇ? ಮಾರತ್ತಹಳ್ಳಿ ಕಡೆಯ ಯಾವುದೋ ಊರಿಗೆ ಭವನವೇ ಬಂದಿತ್ತಂತೆ. ಹೀಗಾಗಿ ಅವರ ಬಾಯಿಂದ ಹೊರಟ ಇಂಗ್ಲಿಷಿನಲ್ಲಿ ತೂಬು ಇರಲಿಲ್ಲ, ಸಮುದಾಯ ಭವನವಿತ್ತು.

ಭವನ ಬಂತು. ಅದರ ಗೋಡೆಯ ಕಲ್ಲಿನಲ್ಲಿ ಅಧ್ಯಕ್ಷರ ಹೆಸರೂ ಬಂತು. ಊರಿನವರು ಒಳಗೆ ಹುಲ್ಲು ಪೇರಿಸಿದರು. ಕೆರೆ ಮಾತ್ರ ಸಂಕ್ರಾಂತಿಗೆ ಮುಂಚೆಯೇ ಬರಿದಾಯಿತು. ಭದ್ರಮ್ಮ ತೋಟ ಬಿಟ್ಟು ಕೂಲಿಗೆ ಹೋಗತೊಡಗಿದರು. ಅವರು ಬೈದಿದ್ದರೆ ಸೊಣ್ಣಪ್ಪನವರಿಗೆ ಹಗುರವಾಗುತ್ತಿತ್ತು.

"ಏನ್ ಮಾಡಾಕಾಯ್ತದೆ ಬುಡಪ್ಪ. ನೀನು ಕೇಳ್ದೆ, ಅವ್ರು ಕೊಡ್ನಿಲ್ಲ" ಎಂದು ಅವರು ಸಮಾಧಾನ ಹೇಳುತ್ತಿದ್ದರು.

ಆ ಮಾತು ಕೇಳಿದ ದಿನ ಸೊಣ್ಣಪ್ಪ ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಭವನ ಕಣ್ಣಿಗೆ ಬೀಳದಿರಲೆಂದು ಸುತ್ತುದಾರಿಯಲ್ಲಿ ಬಸ್ಸಿಗೆ ಹೋಗುತ್ತಿದ್ದರು. ಬಸ್ಸು ತಪ್ಪಿದರೆ ಸರ್ಕಾರವನ್ನು ಬೈಯುತ್ತಿದ್ದರು.

ಎರಡು ವರ್ಷದ ಮೇಲೆ ಮೇಡಂ ಮತ್ತೆ ಬಂದು, ಭವನದಿಂದ ಉಪಯೋಗವಾಯಿತೇ ಎಂದು ವಿಚಾರಿಸಿದರು. ಭದ್ರಮ್ಮ ಮೈದುನನ ಕಿವಿಯ ಹತ್ತಿರ ಬಗ್ಗಿದರು.

"ಸೆಂದಾಗೈತೆ ಅನ್ನು. ತೂಬಿನ್ ಮಾತು ಎತ್ಬ್ಯಾಡ. ಒಂದ್ಸಲ ಇಲ್ಲ ಅಂದೋರ್ನ ಮತ್ತೆ ಕೇಳಿದ್ರೆ ಅವ್ರಿಗೆ ನಾಚ್ಕೆ ಆಯ್ತದೆ."

ಸೊಣ್ಣಪ್ಪ ಮೇಡಂ ಕಡೆ ತಿರುಗಿದರು. ಮೈಮೇಲೆ ಕೋಟಿದ್ದರೂ ಇಂಗ್ಲಿಷ್ ಗಿಡ್ಡವಾಗಿ ಹೊರಟಿತು: ಭವನ ಕೇಳಿದ್ದು ನಾನು, ಇವರು ಕೇಳಿದ್ದು ತೂಬು. ಆಮೇಲೆ ಅದನ್ನೇ ಅತ್ತಿಗೆಗೂ ಹೇಳಿದರು. ಕನ್ನಡದಲ್ಲಿ ಹೇಳುವುದೇ ಹೆಚ್ಚು ಕಷ್ಟವಾಯಿತು.

ಭದ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಡಂ ಅವರ ಮುಂಗೈ ಹಿಡಿದು ಕೆರೆ ಏರಿಯ ಕಡೆ ನಡೆದರು. ಒಡೆದ ತೂಬನ್ನು ತೋರಿಸಲು ಯಾರ ತರ್ಜುಮೆಯೂ ಬೇಕಾಗಲಿಲ್ಲ.

ಬೇಸಿಗೆಯಲ್ಲಿ ಕಲ್ಲು ಸಿಮೆಂಟು ನೇರವಾಗಿ ಭದ್ರಮ್ಮನವರ ಮನೆ ಮುಂದೆ ಇಳಿದವು. ಕೆಲಸ ಯಾವಾಗ, ಹೇಗೆ ಎಂಬುದನ್ನೆಲ್ಲ ತೋಟದ ಹೆಂಗಸರೇ ತೀರ್ಮಾನಿಸಿದರು. ಮೇಡಂ ಹೂಂ ಎಂದರಷ್ಟೇ. ಮೊದಲ ದಿನ ಸೊಣ್ಣಪ್ಪ ಅಳುಕುತ್ತ ಏರಿಯ ಮೇಲೆ ಬಂದು, ಅಧ್ಯಕ್ಷನಾಗಿ ತಾನೇನು ಮಾಡಬೇಕು ಎಂದು ಕೇಳಿದರು.

"ನಿಮ್ಮನೆ ಆಳಿನ್ನೂ ಬಂದಿಲ್ಲ" ಎಂದರು ಭದ್ರಮ್ಮ, ಮುಖ ನೋಡದೆ.

ಸೊಣ್ಣಪ್ಪ ಪಂಚೆ ಎತ್ತಿ ಕಟ್ಟಿ ಕಲ್ಲಿಗೆ ಕೈ ಹಾಕಿದರು.