ತಾತನ ಪಕ್ಕದ ತೂತು

ಆಲ್ಬಮ್ ತೆಗೆದಾಗಲೆಲ್ಲ ನಿಮ್ಮಲ್ಲಿ ಯಾರಾದರೊಬ್ಬರು ಕೇಳುತ್ತೀರಿ, ತಾತನ ಫೋಟೊದಲ್ಲಿ ತೂತು ಯಾಕಿದೆ ಅಂತ. ಇಲಿ ಕಡಿದಿದೆ ಅಂದು ಪುಟ ತಿರುಗಿಸಿಬಿಡುತ್ತೇನೆ. ಇಲಿ ಅಷ್ಟು ನೆಟ್ಟಗೆ ಕತ್ತರಿಸುವುದಿಲ್ಲ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಮಣ್ಣಿಗೂ ಹಾಗೆ ಕೂತೇ ಹೋಗುತ್ತಾರೆ. ನಿಮ್ಮ ತಾತ ತೀರಿಕೊಂಡ ದಿನ ಗುಬ್ಬಿಯಿಂದ ಸ್ಟುಡಿಯೋದವನು ಬಂದು ಒಂದು ಫೋಟೊ ತೆಗೆದ. ತಾತ ಚೆಂಡುಹೂವಿನ ಹಾರ ಹಾಕಿಕೊಂಡು ಕೂತಿದ್ದರು. ನಾನು ಅವರ ಮೊಣಕಾಲಿಗೆ ಕೆನ್ನೆ ಆನಿಸಿ, ಬಾಯಿ ತೆರೆದು ಅಳುತ್ತಿದ್ದೆ. ನಮ್ಮ ಮದುವೆಯಲ್ಲಿ ಫೋಟೊ ತೆಗೆಸಿರಲಿಲ್ಲ. ನಾವಿಬ್ಬರೂ ಒಟ್ಟಿಗೆ ಇದ್ದದ್ದು ಅದೊಂದರಲ್ಲೇ. ಆ ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಯಿತು.

ನಿಮ್ಮ ದೊಡ್ಡಕ್ಕ ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದಾಗ ಒಂದು ಭಾನುವಾರ ಇಬ್ಬರು ಗೆಳತಿಯರನ್ನು ಕರೆದುಕೊಂಡು ನಮ್ಮೂರು ಕಡಬಕ್ಕೆ ಬಂದಳು. ಜಿಲ್ಲೆಯ ಕಾಲೇಜುಗಳಿಗೆ ಇತಿಹಾಸದ ಸ್ಪರ್ಧೆ ಇತ್ತು. ಇವರು ಆರಿಸಿಕೊಂಡದ್ದು ಶ್ರೀಲಂಕಾದ ಅಂತರ್ಯುದ್ಧ. ನಡುಮನೆಯ ತುಂಬ ಕಾಗದ ಹರಡಿಕೊಂಡು ಓದುತ್ತಿದ್ದರು. ಊರಿಗೆ ಊರೇ ಹೇಗೆ ಖಾಲಿಯಾಯಿತು, ಆಸ್ಪತ್ರೆಯ ಮೇಲೆ ಹೇಗೆ ಶೆಲ್ ಬಿತ್ತು, ಶಾಲೆಗೆ ಹೋಗುವ ಮಕ್ಕಳ ಕೈಗೆ ಬಂದೂಕು ಹೇಗೆ ಬಂತು. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ನಾನು ಕೈ ನಿಲ್ಲಿಸಿ ಕೇಳುತ್ತಿದ್ದೆ. ಅವರು ನಡುನಡುವೆ ನಗುತ್ತಿದ್ದರು.

"ನೆಟ್ಟಲ್ಲಿರೋ ಫೋಟೊ ಎಲ್ಲಾ ಟೀಮೂ ಹಾಕ್ತಾರೆ ಕಣೇ," ಅಂದಳು ಕನ್ನಡಕದ ಹುಡುಗಿ. "ಒರಿಜಿನಲ್ ಪ್ರಿಂಟ್ ಇಟ್ರೆ ಹತ್ತು ಮಾರ್ಕ್ಸ್ ಜಾಸ್ತಿ."

"ಅದನ್ನ ತರೋಕೆ ಲಂಕೆಗೆ ಹಾರ್ಲಾ? ಬಾಲ ಇಲ್ವಲ್ಲೇ ನಂಗೆ," ಅಂದಳು ಇನ್ನೊಬ್ಬಳು.

ದೊಡ್ಡಕ್ಕ ಕಾಗದ ಕೆಳಗಿಟ್ಟು, "ಅಲ್ಲಿನ ತಮಿಳ್ರೂ ವಿಭೂತಿ ಇಟ್ಕೋತಾರೆ ಅಲ್ವೇನೇ? ನೋಡೋಕೆ ನಮ್ಮಜ್ಜಿ ಥರಾನೇ ಇರ್ತಾರೆ," ಅಂದಳು.

ಮೂವರೂ ನನ್ನ ಕಡೆ ತಿರುಗಿ ನೋಡಿದರು. ಮಜ್ಜಿಗೆ ಬೇಕೇನೋ ಅಂದುಕೊಂಡೆ.

ಮಾರನೆಯ ದಿನ ಪೂಜೆ ಮುಗಿಸಿ ಆಲ್ಬಮ್ ತೆರೆದರೆ ತಾತ ಒಬ್ಬರೇ ಕೂತಿದ್ದರು. ಅವರ ಮೊಣಕಾಲಿನ ಹತ್ತಿರ ನಾನಿದ್ದಷ್ಟು ಜಾಗ ತೂತು. ದೊಡ್ಡಕ್ಕನಿಗೆ ಫೋನ್ ಮಾಡಿದೆ.

"ಕೇಳ್ಬೇಕಾಗಿತ್ತು ಕಣವ್ವ."

"ಕೇಳಿದ್ರೆ ನೀನು ಕೊಡ್ತಿದ್ಯಾ? ತಾತನ್ನ ಬಿಟ್ಟು ಬಂದಿದೀನಲ್ಲ ಅಜ್ಜಿ. ಪ್ರೋಗ್ರಾಮ್ ಮುಗೀಲಿ, ಕೊಡ್ತೀನಿ. ಗಮ್ ಹಾಕಿ ಅಂಟಿಸ್ಕೋ ಬುಡು."

ಅದನ್ನು ಕೈಯಾರೆ ಈಸಿಕೊಂಡು ಬರಬೇಕೆಂದು ಸ್ಪರ್ಧೆಯ ದಿನ ಯಾರಿಗೂ ಹೇಳದೆ ತುಮಕೂರಿನ ಬಸ್ಸು ಹತ್ತಿದೆ. ಸ್ಪರ್ಧೆ ಅವಳ ಕಾಲೇಜಿನಲ್ಲೇ ಇತ್ತು; ಕಾಲೇಜಿನ ಒಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಹಿಂದಿನ ಸಾಲಿನಲ್ಲಿ ಕುಣಿಗಲ್ಲಿನಿಂದ ಬಂದಿದ್ದ ಹುಡುಗಿಯರ ಪಕ್ಕ ಕೂತೆ. ಅವರದೂ ಒಂದು ಟೀಮು. ಒಬ್ಬಳು ಸರಿದು ಜಾಗ ಕೊಟ್ಟು, ಕುಡಿಯಲು ನೀರೂ ಕೊಟ್ಟಳು.

ದೊಡ್ಡಕ್ಕ ಬಿಳಿ ಸೀರೆ ಉಟ್ಟು ವೇದಿಕೆಗೆ ಬಂದಳು. ಚಾರ್ಟಿನ ನಡುವೆ ನನ್ನನ್ನು ಅಂಟಿಸಿದ್ದರು. ಹಿಂದಿನ ಪರದೆಯ ಮೇಲೆ ಅದೇ ಮುಖ, ಗೋಡೆಯಷ್ಟು ದೊಡ್ಡದಾಗಿ.

"ಈ ತಾಯಿಯ ಒಬ್ಬನೇ ಮಗ ಶೆಲ್ ದಾಳಿಯಲ್ಲಿ ಸತ್ತ," ಅಂದಳು. "ಹುಬ್ಬಿನ ಮೇಲಿನ ಗಾಯ ಅದೇ ಶೆಲ್ಲಿನ ಚೂರು ತಗುಲಿ ಆದದ್ದು. ಇಲ್ಲಿ ಅಂಚಿನಲ್ಲಿ ಕಾಣುವುದು ಮಗನ ಶವದ ಮೇಲಿನ ಹೂವು. ಈ ತಾಯಿಯ ಹೆಸರು ಯಾರಿಗೂ ಗೊತ್ತಿಲ್ಲ."

ನನ್ನ ಹುಬ್ಬಿನ ಮೇಲಿನ ಗಾಯದ ಕಲೆ ತೆಂಗಿನ ಗರಿ ಬಿದ್ದು ಆದದ್ದು. ಆ ಹೂವು ನಿಮ್ಮ ತಾತನ ಹಾರದ್ದು. ನನ್ನ ಒಬ್ಬನೇ ಮಗ ಅವಳ ಅಪ್ಪ; ಆ ಹೊತ್ತಿಗೆ ತುಮಕೂರಿನ ಪಕ್ಕದ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ಮೆಶಿನ್ ಮುಂದೆ ನಿಂತಿದ್ದ. ದೊಡ್ಡಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು.

ಕುಣಿಗಲ್ಲಿನ ಹುಡುಗಿ ಪರದೆ ನೋಡಿದಳು, ನನ್ನ ಹುಬ್ಬು ನೋಡಿದಳು, ಎದ್ದು ನಿಂತಳು.

"ಸಾರ್, ಆ ಫೋಟೊದಲ್ಲಿರೋರು ಇಲ್ಲೇ ಕೂತವ್ರೆ!"

ಇಡೀ ಹಾಲ್ ನನ್ನ ಕಡೆ ತಿರುಗಿತು. ಯಾರೋ ನನ್ನ ಕೈಗೆ ಮೈಕು ತುರುಕಿದರು. ತೀರ್ಪುಗಾರರಲ್ಲಿ ಒಬ್ಬರು, "ಏನಮ್ಮಾ, ಶ್ರೀಲಂಕಾದಿಂದ ಯಾವ ಬಸ್ಸಲ್ಲಿ ಬಂದ್ರಿ?" ಅಂದರು. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಕೇಳಿದರು, "ಹೇಳಿ, ಅದು ನೀವೇನಾ?"

ಹೌದು ಅಂದರೆ ಫೋಟೊ ಅಲ್ಲೇ ನನ್ನ ಕೈಗೆ ಬರುತ್ತಿತ್ತು. ನಾನು ಬಂದದ್ದೇ ಅದಕ್ಕೆ. ವೇದಿಕೆಯ ಮೇಲಿಂದ ದೊಡ್ಡಕ್ಕ ನನ್ನನ್ನು ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಲ್ಲ ಅದು. ಅಡುಗೆಮನೆಗೆ ನುಗ್ಗಿದ ನಾಯಿಯನ್ನು ನೋಡುತ್ತೇವಲ್ಲ, ಹಾಗೆ.

"ನಾನಲ್ಲ ಸ್ವಾಮಿ," ಅಂದೆ. "ನನ್ ಮಗ ಬದುಕವ್ನೆ."

ಮತ್ತೆ ನಕ್ಕರು.

"ಅಜ್ಜಿ, ವಿಭೂತಿ ಇಟ್ಕೊಂಡು ಸುಳ್ಳು ಹೇಳ್ತೀರಲ್ಲ," ಅಂದಳು ಕುಣಿಗಲ್ಲಿನ ಹುಡುಗಿ, ನನಗೆ ಮಾತ್ರ ಕೇಳುವ ಹಾಗೆ. ನಾನು ಸೆರಗು ಮುಂದಕ್ಕೆ ಎಳೆದುಕೊಂಡೆ. ಎದುರಾಳಿಯ ಮೇಲೆ ಹೊಟ್ಟೆಕಿಚ್ಚಿಗೆ ಗಲಾಟೆ ಮಾಡಿದಳೆಂದು ಅವಳಿಂದ ಮೈಕಿನಲ್ಲಿ ಕ್ಷಮೆ ಕೇಳಿಸಿದರು. ಕೇಳಿದಳು. ಮೊದಲ ಬಹುಮಾನ ದೊಡ್ಡಕ್ಕನ ಟೀಮಿಗೆ ಬಂತು. ಹೊರಗೆ ಬಂದಾಗ ಆ ಹುಡುಗಿ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ನನ್ನನ್ನು ಕಂಡು ಮುಖ ತಿರುಗಿಸಿದಳು. ನಾನು ಅವಳನ್ನು ದಾಟಿ ಹೋದೆ.

ಚಾರ್ಟನ್ನು ಆಗಲೇ ವರಾಂಡದ ಗಾಜಿನ ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದರು.

"ನನ್ ಫೋಟೊ ಕೊಡ್ಸು ಕಣವ್ವ," ಅಂದೆ ದೊಡ್ಡಕ್ಕನಿಗೆ.

"ಈಗ ಏನಂತ ಕೇಳ್ಲಿ ಅಜ್ಜಿ? ನೀನೇ ಅಲ್ಲ ಅಂದ್ಯಲ್ಲ, ಮೈಕಲ್ಲಿ," ಅಂದಳು. ಕೈಯಲ್ಲಿದ್ದ ಬಹುಮಾನದ ಕಪ್ಪನ್ನು ಸೀರೆಗೆ ಒರೆಸಿಕೊಂಡು, "ನಿನ್ನ ಯಾರು ಬಾ ಅಂದ್ರು?" ಅಂತ ಗೆಳತಿಯರ ಕಡೆ ಹೋದಳು.

ಫೋಟೊ ಈಗಲೂ ಅಲ್ಲೇ ಇದೆಯಂತೆ, ಕೆಳಗೆ "ಮಗನನ್ನು ಕಳೆದುಕೊಂಡ ಹೆಸರಿಲ್ಲದ ತಾಯಿ" ಅಂತ ಬರೆದಿದೆಯಂತೆ. ಮುಂದೆ ನಿಮ್ಮಲ್ಲಿ ಯಾರಾದರೂ ಆ ಕಾಲೇಜಿಗೆ ಸೇರಿದರೆ ನಿಂತು ನೋಡಿ. ಎಡಗಡೆ ಅಂಚಿನಲ್ಲಿ ತಾತನ ಹಾರದ ಎರಡು ಹೂವು ಕಾಣುತ್ತವೆ. ಪಕ್ಕದಲ್ಲಿ ನಿಂತವರು ಕೇಳಿದರೆ, ನಮ್ಮಜ್ಜಿ ಅಂತ ಹೇಳಬೇಡಿ. ಆ ಹುಡುಗಿಯ ಮುಂದೆ, ಅಷ್ಟು ಜನರ ಮುಂದೆ, ನಾನಲ್ಲ ಅಂದಿದ್ದೇನೆ.