ಎಳೆ ದಾಟದ ನಾಯಿ

ಹಿಂದೂಪುರದ ನಮ್ಮ ಬೀದಿಯಲ್ಲಿ ಬೆಳಗಿನ ಹೊತ್ತು ಗಾಡಿ ಓಡಾಡುವುದಿಲ್ಲ. ಜಾಗ ಇರುವುದಿಲ್ಲ. ಮಗ್ಗಕ್ಕೆ ಏರಿಸುವ ಮೊದಲು ರೇಷ್ಮೆ ಎಳೆಗಳನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಸಿಕ್ಕು ಬಿಡಿಸಿ, ತುಂಡಾದಲ್ಲಿ ಗಂಟು ಹಾಕುತ್ತೇವೆ. ಅದಕ್ಕೆ ಹಾಸು ಅನ್ನುತ್ತಾರೆ. ನಮ್ಮ ಮನೆಯ ಊಟ ಅದರಲ್ಲಿದೆ. ಒಂದು ದಿನ ನಮ್ಮ ನಾಯಿ ಅದರೊಳಗೆ ನುಗ್ಗಿ ಆ ಕಡೆಯಿಂದ ಬಾಲ ಅಲ್ಲಾಡಿಸುತ್ತಾ ಎದ್ದು ಬಂತು.

ಅದು ಕ್ರಾಸ್ ನಾಯಿ. ತಾಯಿ ಬೀದಿಯದು. ತಂದೆ ಮೂಲೆಮನೆಯ ಬಿಳಿ ಪೊಮೇರಿಯನ್ ಎಂದು ಬೀದಿಗೆಲ್ಲ ಗೊತ್ತು, ಮೂಲೆಮನೆಯವರು ಮಾತ್ರ ಒಪ್ಪುವುದಿಲ್ಲ. ಮೈ ತಾಯಿಯದು, ಬಾಲ ತಂದೆಯದು. ಒಂದು ಕಿವಿ ನಿಲ್ಲುತ್ತದೆ, ಇನ್ನೊಂದು ಬಿದ್ದಿರುತ್ತದೆ. ಮೊಮ್ಮಗಳು ಅದಕ್ಕೊಂದು ಹೆಸರಿಟ್ಟಳು. ಅದು ನನ್ನ ಬಾಯಿಗೆ ಬರುವುದಿಲ್ಲ. ನಾನು ನಾಯಿ ಅನ್ನುತ್ತೇನೆ, ಅದು ಬರುತ್ತದೆ.

ಸೊಸೆ ಕೂಗಾಡಲಿಲ್ಲ. ಸಿಕ್ಕು ಬಿಡಿಸುತ್ತಲೇ ಹೇಳಿದಳು. “ಅತ್ತೆ, ಇನ್ನೊಂದ್ಸಲ ಇದು ಹಾಸಿನೊಳಕ್ಕೆ ಬಂತಂದ್ರೆ ನಾನೇ ಎತ್ಕೊಂಡೋಗಿ ರೈಲ್ವೆ ಗೇಟ್ ಆಚೆ ಬಿಟ್ಬುಟ್ಟು ಬತ್ತೀನಿ. ಆಮೇಲೆ ನನ್ನ ಅನ್ಬೇಡಿ.”

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ನನಗೆ ಆ ನಾಯಿ ಬೇಕಿತ್ತು. ಮನೆಯಲ್ಲಿ ಎಲ್ಲರಿಗೂ ಕೆಲಸ ಇರುತ್ತದೆ, ಅದಕ್ಕೆ ಇರುವುದಿಲ್ಲ. ನಾನು ಕೂತಲ್ಲಿ ಬಂದು ಕೂರುತ್ತದೆ. ಅಷ್ಟೇ ಕಾರಣ.

ಮೊಮ್ಮಗಳು ಫೋನಿನಲ್ಲಿ ನಾಯಿ ಪಳಗಿಸುವ ವಿಡಿಯೋ ನೋಡಿ ಅದಕ್ಕೆ ಇಂಗ್ಲಿಷಿನಲ್ಲಿ ಕೂರಲು ಹೇಳಿದಳು. ಅದು ಅವಳ ಮುಖ ನೆಕ್ಕಿತು. ನಾನು ಓದಿದ್ದು ಮೂರನೇ ಕ್ಲಾಸು, ವಿಡಿಯೋ ನೋಡಲಿಲ್ಲ. ಬಾಗಿಲಿಗೆ ಅಡ್ಡಲಾಗಿ ಮೊಣಕಾಲೆತ್ತರಕ್ಕೆ ಒಂದು ನೂಲು ಕಟ್ಟಿ, ಆಚೆ ನಾನು ಮುದ್ದೆ ಹಿಡಿದು ಕೂತೆ. ನೂಲು ದಾಟಿ ಬಂದರೆ ಮುದ್ದೆ ಕೋಳಿಗೆ. ಈಚೆಯೇ ಕೂತರೆ ನಾನೇ ಎದ್ದು ಹೋಗಿ ಬಾಯಿಗೆ ಕೊಡುತ್ತಿದ್ದೆ. ಕೋಳಿ ಚೆನ್ನಾಗಿ ದಪ್ಪಗಾಯಿತು. ಆಮೇಲೆ ನಾಯಿಗೆ ಅರ್ಥವಾಯಿತು. ನೂಲು ಕಂಡರೆ ಕೂರಬೇಕು, ಕೂತರೆ ಊಟ ತಾನಾಗಿ ಬರುತ್ತದೆ. ಮನುಷ್ಯರಿಗೂ ಇಷ್ಟು ಸುಲಭದ ಕೆಲಸ ಸಿಗುವುದಿಲ್ಲ.

ಅಲ್ಲಿಂದ ಮುಂದೆ ಬೀದಿಯಲ್ಲಿ ಹಾಸು ಎಳೆದ ದಿನವೆಲ್ಲ ಅದು ಎಳೆಗಳ ಅಂಚಿಗೆ ಬಂದು ಕೂತುಬಿಡುತ್ತಿತ್ತು. ಮೊಮ್ಮಗಳು ಫೋಟೋ ತೆಗೆದಳು. ನಾಯಿಯ ಕಪ್ಪು ಮುಖ ಮೊದಮೊದಲು ಸುಟ್ಟ ಬಾಣಲೆಯ ತಳದ ಹಾಗೆ ಬಂತು. ಆಮೇಲೆ ಬಿಸಿಲು ಮುಖಕ್ಕೆ ಬೀಳುವ ಕಡೆ ಕೂರಿಸುವುದು ಕಲಿತಳು. ಮುಂದೆ ಕೆಂಪು ರೇಷ್ಮೆ, ಹಿಂದೆ ನೆಟ್ಟಗೆ ಕೂತ ನಾಯಿ. ನೋಡಿದವರು ಇದು ಹಾಸನ್ನೇ ಕಾಯುತ್ತಿದೆ ಅಂದುಕೊಳ್ಳಬೇಕು, ಹಾಗಿತ್ತು ಫೋಟೋ. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು.

ಕಲ್ಯಾಣದುರ್ಗಕ್ಕೆ ಕೊಟ್ಟಿರುವ ನನ್ನ ಮಗಳು ಹಾಗೆಯೇ ಅಂದುಕೊಂಡಳು. ಅಳಿಯ ಸೀರೆ ಮಾರಲು ಊರೂರು ತಿರುಗುತ್ತಾನೆ. ಮನೆ ಊರಾಚೆ, ಕಂಬದೂರು ರಸ್ತೆಯಲ್ಲಿ. ಅವಳು ಫೋನ್ ಮಾಡಿದಳು.

“ಅಮ್ಮ, ಆ ನಾಯಿ ನಂಗೆ ಕೊಡು. ನಾನೂ ಮಗೂನೂ ಇಬ್ರೇ ಇರೋದು ಕಣಮ್ಮ. ಯಾರಾದ್ರೂ ಕದ ತಟ್ಟಿದ್ರೆ ಎದೆ ನಡುಗ್ತದೆ.”

ಕೊಡುವುದಿಲ್ಲ ಎನ್ನಲು ನನ್ನ ಬಳಿ ಕಾರಣ ಇರಲಿಲ್ಲ. ಸೊಸೆ ಆಗಲೇ ಗೂಡ್ಸ್ ಆಟೋದವನಿಗೆ ಹೇಳಿಕಳಿಸಿದ್ದಳು. ಮಡಕಶಿರಾ, ಪಾವಗಡ ದಾಟಿ ನಾನೂ ನಾಯಿಯೂ ನೂಲಿನ ಮೂಟೆಗಳ ನಡುವೆ ಕೂತು ಹೋದೆವು. ಅದು ಅಭ್ಯಾಸವಾಗಲಿ ಎಂದು ಒಂದಷ್ಟು ದಿನ ಅಲ್ಲೇ ಉಳಿದೆ.

ಮಗಳ ಮನೆ ಮುಂದೆ ಕಲ್ಲುಚಪ್ಪಡಿಯ ಬೇಲಿ. ಗೇಟಿಲ್ಲ. ಮೇಕೆ ಬಾರದಿರಲಿ ಎಂದು ಬೇಲಿಯ ಬಾಯಿಗೆ ಒಂದು ಹಗ್ಗ ಅಡ್ಡ ಕಟ್ಟಿದ್ದಳು. ಕೋಳಿಗೂಡು ಹಗ್ಗದ ಆಚೆ, ರಸ್ತೆ ಪಕ್ಕ. ಒಂದು ಮಧ್ಯಾಹ್ನ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಬೈಕಿನವನೊಬ್ಬ ನಿಲ್ಲಿಸಿ, ಇಳಿದು, ಗೂಡು ತೆರೆದ. ನಾಯಿ ಚೆನ್ನಾಗಿಯೇ ಬೊಗಳಿತು. ಓಡಿಹೋಗಿ, ಹಗ್ಗದ ಹತ್ತಿರ ನಿಂತು, ಕೂತಿತು. ಬೈಕಿನವನು ಅದನ್ನು ಸ್ವಲ್ಪ ಹೊತ್ತು ನೋಡಿದ. ಅವಸರ ಮಾಡದೆ ಒಂದರ ಬದಲು ಎರಡು ಕೋಳಿ ಆರಿಸಿಕೊಂಡ. ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಧೂಳು ಮಾತ್ರ ಇತ್ತು. ನಾಯಿ ನನ್ನ ಕಡೆ ತಿರುಗಿತು, ಮುದ್ದೆಗೆ.

ಮಗಳಿಗೆ ನೂಲಿನ ವಿಷಯ ಹೇಳಬೇಕಾಯಿತು. ಅವಳು ಕೇಳಿಕೊಂಡು ಸೊಂಟದ ಮೇಲೆ ಕೈಯಿಟ್ಟಳು.

“ಕಾವಲಿಗೆ ಕರ್ಕೊಂಡ್ ಬಂದ್ಯೋ, ಕಳ್ಳನಿಗೆ ಮರ್ಯಾದೆ ಮಾಡಿ ಕಳಿಸೋಕ್ ಕರ್ಕೊಂಡ್ ಬಂದ್ಯೋ? ಬೇಡ ಕಣಮ್ಮ, ವಾಪಸ್ ಕರ್ಕೊಂಡೋಗು.”

ನಾನು ಬೇಸರದ ಮುಖ ಮಾಡಿದೆ. ಒಳಗೊಳಗೇ ಆಟೋದವನಿಗೆ ಯಾವಾಗ ಹೇಳುವುದು ಎಂದು ಲೆಕ್ಕ ಹಾಕುತ್ತಿದ್ದೆ.

ಅವತ್ತು ಬೆಳಕಿದ್ದಾಗಲೇ ಅವಳು ಮಗುವಿನ ಕೈಕಾಲು ತೊಳೆಸಿ ಒಳಗೆ ಕರೆದುಕೊಂಡಳು. ಕದ ಹಾಕಿ, ಅಗುಳಿ ಹಾಕಿ, ಅಕ್ಕಿ ಡಬ್ಬವನ್ನು ಎಳೆದು ಕದಕ್ಕೆ ಒತ್ತಿಟ್ಟಳು. ದಿನಾ ಹೀಗೇನಾ ಎಂದು ಕೇಳಿದೆ. ಅವರು ಊರಲ್ಲಿಲ್ಲದಾಗ ಹೀಗೇ ಎಂದಳು. ಹೊರಗೆ ಇನ್ನೂ ಎಮ್ಮೆಗಳು ಮನೆಗೆ ಹೋಗುತ್ತಿದ್ದವು. ಮಗು ಡಬ್ಬದ ಮೇಲೆ ಹತ್ತಿ ಕೂತು ಆಡಿಕೊಳ್ಳುತ್ತಿತ್ತು.

ಎಳೆ ದಾಟುವುದನ್ನು ಕಲಿತ ನಾಯಿ ನಮ್ಮ ಬೀದಿಗೆ ಮತ್ತೆ ಬರುವಂತಿಲ್ಲ. ದಾಟದ ನಾಯಿ ಇಲ್ಲಿ ಉಪಯೋಗಕ್ಕಿಲ್ಲ. ಎರಡೂ ಊರಿಗೆ ಆಗುವ ನಾಯಿಯನ್ನು ಮಾಡುವುದು ನನಗೆ ಬರುವುದಿಲ್ಲ.

ಬೆಳಿಗ್ಗೆ ಎದ್ದು ಹಗ್ಗದ ಆಚೆ ಮುದ್ದೆ ಹಿಡಿದು ಕೂತೆ. ನಾಯಿ ಈಚೆ ಕೂತಿತು, ನಾನು ತಂದುಕೊಡುತ್ತೇನೆಂದು. ನಾನು ಏಳಲಿಲ್ಲ. ಅದು ಮತ್ತೂ ನೆಟ್ಟಗೆ ಕೂತಿತು, ಸರಿಯಾಗಿ ಕೂತಿಲ್ಲವೇನೋ ಎಂಬಂತೆ. ಬಿಸಿಲು ಏರಿತು. ಮಗಳು ಬಾಗಿಲಿಗೆ ಬಂದು, “ಕೊಟ್ಬುಡಮ್ಮ, ಹಸ್ಕೊಂಡದೆ” ಎಂದಳು.

“ನೀನು ಒಳಕ್ಕೋಗು,” ಎಂದೆ.

ಕೊನೆಗೆ ಅದು ಒಂದು ಕಾಲು ಹಗ್ಗದ ಮೇಲಿಂದ ಆಚೆ ಇಟ್ಟು, ಹಿಂದಕ್ಕೆ ತೆಗೆದು, ನನ್ನ ಮುಖ ನೋಡಿತು. ಬಾ ಎಂದೆ. ಬಂತು. ಮುದ್ದೆ ತಿಂದಿತು, ನನ್ನ ಬೆರಳನ್ನೂ ನೆಕ್ಕಿತು. ಆಮೇಲೆ ಕಷ್ಟವಾಗಲಿಲ್ಲ. ಎರಡು ದಿನಕ್ಕೆ ಹಗ್ಗ ಎಂದರೆ ಹಾರುವುದಕ್ಕೇ ಇರುವುದು ಎಂದು ತಿಳಿದುಕೊಂಡಿತು. ಗ್ಯಾಸ್ ಸಿಲಿಂಡರ್ ತಂದವನನ್ನು ಅವನ ಗಾಡಿಯವರೆಗೂ ಓಡಿಸಿತು. ಮಗಳು ಅವನಿಗೆ ಕಾಫಿ ಕೊಟ್ಟು ಸಮಾಧಾನ ಮಾಡಿದಳು. ಅವತ್ತು ಸಾಯಂಕಾಲ ಕತ್ತಲಾಗುವವರೆಗೂ ಜಗುಲಿಯ ಮೇಲೆ ಕೂತು ಹುರುಳಿ ಆರಿಸಿದಳು.

ಮಾರನೆಯ ದಿನ ನಾನು ಹೊರಟೆ. ಕೈಚೀಲ ಹಿಡಿದು ರಸ್ತೆಗೆ ಇಳಿದಾಗ ಹಿಂದೆ ಕಾಲಸಪ್ಪಳ. ಹಗ್ಗ ಹಾರಿ ಬಂದಿತ್ತು. ಹೋಗು ಎಂದೆ. ಕೂತಿತು. ನಾನು ನಡೆದರೆ ಎದ್ದು ಬಂತು. ಬಾ ಅನ್ನುವುದನ್ನು ಕಲಿಸಿದ್ದೆ, ಹೋಗು ಅನ್ನುವುದನ್ನು ಕಲಿಸಿರಲಿಲ್ಲ. ಮಗಳು ಬಂದು ಹೊಟ್ಟೆಗೆ ಕೈಹಾಕಿ ಎತ್ತಿಕೊಂಡು ಹೋದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಸೀರೆ ತುಂಬ ನಾಯಿಕೂದಲು. ಪಾವಗಡದವರೆಗೆ ನನ್ನ ಪಕ್ಕ ಯಾರೂ ಕೂರಲಿಲ್ಲ.